ಕೆರೆ-ಹೊಳೆ ಮೀನಿಗೆ ಸ್ಪಿನ್ನಿಂಗ್ ರಾಡ್, ರೀಲ್ ಆರಿಸುವ ಬಗೆ

ಮೀನಿನ ಸಾಮಾನು ಮಾರುವ ಅಂಗಡಿಗೆ ಹೊಸದಾಗಿ ಹೋದವರ ಕೈ ಮೊದಲು ಹೋಗುವುದು ರೀಲಿನ ಕಡೆಗೆ. ಹಿಡಿ ತಿರುಗಿಸಿದರೆ ನುಣ್ಣಗೆ ಸುತ್ತುತ್ತದೆ, ಡಬ್ಬದ ಮೇಲೆ ‘13 ಬೇರಿಂಗ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ರೀಲ್ ಆದಮೇಲೆ ಅದಕ್ಕೊಂದು ರಾಡ್, ಕೊನೆಗೆ ಅಂಗಡಿಯವರು ಕೈಗೆ ಕೊಟ್ಟ ದಾರ. ಈ ಕ್ರಮ ತಲೆಕೆಳಗಾದದ್ದು. ಯಾವ ನೀರು, ಯಾವ ಮೀನು ಎಂಬುದರಿಂದ ಶುರುಮಾಡಬೇಕು. ಅದು ಗೊತ್ತಾದರೆ ಎಷ್ಟು ಗ್ರಾಂ ತೂಕ ಎಸೆಯಬೇಕೆಂದು ಗೊತ್ತಾಗುತ್ತದೆ. ಆಮೇಲೆ ದಾರ, ದಾರಕ್ಕೆ ತಕ್ಕ ರಾಡ್, ರಾಡ್‌ಗೆ ತಕ್ಕ ರೀಲ್.

ಹೀಗೆ ಹೇಳಲು ಕಾರಣವಿದೆ. ಮೀನು ಜಗ್ಗಿದಾಗ ಮೊದಲು ಸಡಿಲ ಬಿಡಬೇಕಾದದ್ದು ರೀಲಿನ ಡ್ರ್ಯಾಗ್, ಅಂದರೆ ಜೋರಾಗಿ ಎಳೆದಾಗ ದಾರವನ್ನು ತಡೆಯುತ್ತಲೇ ಬಿಟ್ಟುಕೊಡುವ ಬಿಗಿ. ಡ್ರ್ಯಾಗ್ ಸಾಲದೆ ಹೋದರೆ ತುಂಡಾಗಬೇಕಾದದ್ದು ದಾರ. ರಾಡ್ ಯಾವ ಕಾರಣಕ್ಕೂ ಮುರಿಯಬಾರದು. ‘ಗಟ್ಟಿ ಇರಲಿ’ ಎಂದು 40 ಪೌಂಡಿನ ದಾರವನ್ನು 8 ಪೌಂಡಿನ ದಾರಕ್ಕೆಂದು ಮಾಡಿದ ರಾಡ್‌ಗೆ ಕಟ್ಟಿದರೆ ಈ ಸಾಲು ಉಲ್ಟಾ ಆಗುತ್ತದೆ. ಕೊಕ್ಕೆ ಕಲ್ಲಿಗೆ ಸಿಕ್ಕಿದ ದಿನ ದಾರ ಉಳಿದು ರಾಡ್ ಹೋಗುತ್ತದೆ.

ಮೊದಲು ನೀರು ನೋಡಿ

ನಮ್ಮ ಕಡೆಯ ಸಿಹಿನೀರಿನ ಗಾಳವನ್ನು ನಾಲ್ಕು ಬಗೆಯಾಗಿ ವಿಂಗಡಿಸಿಕೊಂಡರೆ ಕೆಲಸ ಸುಲಭ.

ಮೊದಲನೆಯದು ಊರಕೆರೆಯ ಜಿಲೇಬಿ ಮೀನು, ಸಣ್ಣ ಗೆಂಡೆಗಳು. ಕಾಲು ಕಿಲೋದಿಂದ ಒಂದು ಕಿಲೋ. ಬೆಂಡು, ಎರೆಹುಳು, 2ರಿಂದ 7 ಗ್ರಾಂ ತೂಕ. ಇದಕ್ಕೆ ಆರು ಅಥವಾ ಆರೂವರೆ ಅಡಿಯ ಲೈಟ್ ರಾಡ್, 1000 ಅಥವಾ 2000 ಅಳತೆಯ ರೀಲ್, 0.20 ಮಿ.ಮೀ. ನೈಲಾನ್ ದಾರ ಸಾಕು.

ಎರಡನೆಯದು ರೋಹು, ಕಾಟ್ಲಾ, ಮೃಗಾಲ್, ಸಾಮಾನ್ಯ ಗೆಂಡೆ. ಹಿಟ್ಟಿನುಂಡೆ ಇಲ್ಲವೇ ಹಿಂಡಿ ಕಟ್ಟಿ ದೂರಕ್ಕೆ ಎಸೆದು ಕಾಯುವ ಗಾಳ. ದೊಡ್ಡ ಕೆರೆಯಲ್ಲಿ, ಜಲಾಶಯದ ಹಿನ್ನೀರಿನಲ್ಲಿ ಐದಾರು ಕಿಲೋ ಮೀನು ಅಪರೂಪವಲ್ಲ. ಎಂಟರಿಂದ ಒಂಬತ್ತು ಅಡಿ ರಾಡ್, 4000 ಅಥವಾ 5000 ರೀಲ್, 0.30ರಿಂದ 0.35 ಮಿ.ಮೀ. ನೈಲಾನ್.

ಮೂರನೆಯದು ಮುರ್ರೆಲ್. ಕರಾವಳಿ ಕಡೆ ಇದರ ಬಳಗಕ್ಕೆ ಮಡೆಂಜಿ ಎನ್ನುತ್ತಾರೆ. ಜೊಂಡಿನ ಸಂದಿ, ತಾವರೆ ಎಲೆ, ಕಳೆ ತುಂಬಿದ ಅಂಚಿನಲ್ಲೇ ಇದರ ವಾಸ. ರಬ್ಬರ್ ಕಪ್ಪೆಯನ್ನು ಎಲೆಗಳ ಮೇಲೆ ಎಳೆದು ಹಿಡಿಯುತ್ತಾರೆ. ಇಲ್ಲಿ ಮೀನಿನ ತೂಕಕ್ಕಿಂತ ಕಳೆಯ ತೂಕ ಹೆಚ್ಚು: ಒಂದೂವರೆ ಕಿಲೋ ಮೀನು ಮೂರು ಕಿಲೋ ಹಸಿ ಜೊಂಡು ಸುತ್ತಿಕೊಂಡು ಕೂತುಬಿಡುತ್ತದೆ. ಏಳು ಅಡಿಯ ಮೀಡಿಯಂ ಹೆವಿ ರಾಡ್, 3000 ಅಥವಾ 4000 ರೀಲ್, 30ರಿಂದ 40 ಪೌಂಡಿನ ಹೆಣೆದ ದಾರ ಬೇಕು.

ನಾಲ್ಕನೆಯದು ಹರಿವ ಹೊಳೆಯ ದೊಡ್ಡ ಮೀನು. ಬಾಳೆ ಮೀನು, ಅನುಮತಿ ಇರುವ ಕಡೆ ಮಶೀರ್. ಎಂಟು ಅಡಿ, 15ರಿಂದ 45 ಗ್ರಾಂ ಎಸೆಯುವ ಮೀಡಿಯಂ ಹೆವಿ ರಾಡ್, 5000 ರೀಲಿನಲ್ಲಿ ಕನಿಷ್ಠ 200 ಮೀಟರ್ ಹೆಣೆದ ದಾರ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ ಮಶೀರ್ 120 ಪೌಂಡ್ ತೂಗಿತ್ತು. ಕಾವೇರಿ ಕೊಳ್ಳಕ್ಕಷ್ಟೇ ಸೇರಿದ ಆ ದೊಡ್ಡ ಮಶೀರ್ ಜಾತಿಯನ್ನು 2018ರಲ್ಲಿ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಅಳಿವಿನ ತೀರ ಅಂಚಿನಲ್ಲಿರುವ ಜೀವಿ ಎಂದು ಪಟ್ಟಿಗೆ ಸೇರಿಸಿತು. ಮಶೀರ್‌ಗೆ ಗಟ್ಟಿ ಸಾಮಾನು ಹಿಡಿಯುವುದು ಮೀನಿನ ಒಳ್ಳೆಯದಕ್ಕೇ: ಬೇಗ ದಡಕ್ಕೆ ತಂದು, ಮುಳ್ಳಿಲ್ಲದ ಒಂಟಿ ಕೊಕ್ಕೆಯಿಂದ ಬಿಡಿಸಿ, ಸುಸ್ತಾಗುವ ಮುನ್ನ ನೀರಿಗೆ ಬಿಡಬೇಕು. ವನ್ಯಜೀವಿ ಧಾಮಗಳ ಒಳಗೆ, ಶೃಂಗೇರಿ, ರಾಮನಾಥಪುರ, ಶಿಶಿಲದಂತಹ ದೇವರ ಮೀನಿನ ಮಡುಗಳಲ್ಲಿ ಗಾಳವೇ ಕೂಡದು. ಕೆರೆಗಳಲ್ಲೂ ಮೀನಿನ ಗುತ್ತಿಗೆ ಯಾರದ್ದೆಂದು ಕೇಳಿ, ಒಪ್ಪಿಗೆ ಪಡೆದೇ ಕೂರಬೇಕು.

ಎಲ್ಲಕ್ಕೂ ಒಂದೇ ಸೆಟ್ ಕೇಳುವವರಿಗೆ ನೇರ ಉತ್ತರ ಇದು: ಏಳು ಅಡಿ, ಎರಡು ತುಂಡಿನ, 7ರಿಂದ 28 ಗ್ರಾಂ ಎಸೆಯುವ ಮೀಡಿಯಂ ರಾಡ್, 2500 ಅಥವಾ 3000 ರೀಲ್, 20 ಪೌಂಡಿನ ಹೆಣೆದ ದಾರ. ಮೊದಲ ಬಗೆಯ ಮೀನಿಗೆ ಸ್ವಲ್ಪ ಒರಟು, ನಾಲ್ಕನೆಯದಕ್ಕೆ ಸಾಲದು. ನಡುವಿನ ಎರಡಕ್ಕೂ ಒಗ್ಗುತ್ತದೆ, ಹಿಟ್ಟಿನುಂಡೆ ಮಾತ್ರ ಗೋಲಿ ಗಾತ್ರದ್ದಿರಲಿ. ದಟ್ಟ ಜೊಂಡಿನೊಳಕ್ಕೆ ಮಾತ್ರ ಇದನ್ನು ಎಸೆಯಬೇಡಿ, ಅಂಚಿನಲ್ಲೇ ಆಡಿಸಿ.

ದಾರ

ನೈಲಾನ್ ದಾರ ಎಳೆದರೆ ಹಿಗ್ಗುತ್ತದೆ, ಹತ್ತಕ್ಕೆ ಎರಡರಷ್ಟು ಹಿಗ್ಗುವುದೂ ಉಂಟು. ಹಿಟ್ಟಿನ ಗಾಳಕ್ಕೆ ಈ ಹಿಗ್ಗು ಒಳ್ಳೆಯದು. ಗೆಂಡೆಯ ಮೆತ್ತನೆ ತುಟಿ ಹರಿಯದಂತೆ ಅದು ಕಾಯುತ್ತದೆ. ಹೆಣೆದ ದಾರ, ಅಂದರೆ ಬ್ರೇಡ್, ಹಿಗ್ಗುವುದೇ ಇಲ್ಲ ಎನ್ನಬಹುದು. 40 ಮೀಟರ್ ಆಚೆ ಮೀನು ಮುಟ್ಟಿದ್ದು ಬೆರಳಿಗೆ ತಿಳಿಯುತ್ತದೆ, ಅಷ್ಟೇ ಬಲಕ್ಕೆ ನೈಲಾನಿನ ಅರ್ಧ ದಪ್ಪವಿರುತ್ತದೆ, ಹಾಗಾಗಿ ದೂರ ಹೋಗುತ್ತದೆ. ಆದರೆ ಕಲ್ಲಿಗೆ ಉಜ್ಜಿದರೆ ಥಟ್ಟನೆ ಕಡಿಯುತ್ತದೆ. ಅದಕ್ಕೇ ಬ್ರೇಡಿನ ತುದಿಗೆ ಒಂದು ಮೀಟರಿನಷ್ಟು 0.40 ಮಿ.ಮೀ. ನೈಲಾನ್ ಲೀಡರ್ ಕಟ್ಟಬೇಕು.

ದಾರದ ಡಬ್ಬದ ಮೇಲಿನ ಪೌಂಡ್ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬೇಡಿ, ದಪ್ಪ ನೋಡಿ. ಬ್ರೇಡಿನ ದಪ್ಪಕ್ಕೆ ಜಪಾನಿನ ಪಿಇ ಅಳತೆ ಚಾಲ್ತಿಯಲ್ಲಿದೆ: ಪಿಇ 1 ಅಂದರೆ 0.165 ಮಿ.ಮೀ., ಪಿಇ 1.5 ಅಂದರೆ 0.205, ಪಿಇ 2 ಅಂದರೆ 0.235. ಅಗ್ಗದ ಬ್ರೇಡಿನ ಮೇಲೆ ‘0.10 ಮಿ.ಮೀ., 40 ಪೌಂಡ್’ ಎಂದು ಕಂಡರೆ ಎರಡರಲ್ಲೊಂದು ಸುಳ್ಳು, ಬಹುಪಾಲು ದಪ್ಪವೇ ಸುಳ್ಳು. ನೈಲಾನಿನಲ್ಲಿ 0.25 ಮಿ.ಮೀ. ಸುಮಾರು 4 ಕಿಲೋ, 0.30 ಸುಮಾರು 6 ಕಿಲೋ, 0.35 ಸುಮಾರು 8 ಕಿಲೋ ತಡೆಯುತ್ತದೆ. ಗಂಟು ಹಾಕಿದ ಕಡೆ ಬಲ ಇನ್ನೂ ಇಳಿಯುತ್ತದೆ. ಗಂಟು ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆ ಮಾಡಿ. ಒಣಗಂಟು ಬಿಗಿದಾಗ ಬಿಸಿಯಾಗಿ, ದಾರ ಅಲ್ಲೇ ಸತ್ವ ಕಳೆದುಕೊಳ್ಳುತ್ತದೆ.

ರಾಡ್ ಮೇಲಿನ ಬರಹ ಓದುವುದು

ಹಿಡಿಕೆಯ ಮೇಲುಗಡೆ ಸಣ್ಣಕ್ಷರದ ಒಂದು ಸಾಲು ಇರುತ್ತದೆ: 7 ಅಡಿ, ಎಂ, ಫಾಸ್ಟ್, ಲೂರ್ 7–21 ಗ್ರಾಂ, ಲೈನ್ 8–14 ಪೌಂಡ್. ಬಣ್ಣ, ಹೆಸರು, ಪೆಟ್ಟಿಗೆಯ ಚಿತ್ರ ಎಲ್ಲಕ್ಕಿಂತ ಈ ಸಾಲಿಗೆ ಬೆಲೆ ಹೆಚ್ಚು. ಈ ಸಾಲೇ ಇಲ್ಲದ ರಾಡನ್ನು ಕೊಳ್ಳಬೇಡಿ.

‘ಎಂ’ ಎಂಬುದು ರಾಡಿನ ಶಕ್ತಿ, ಅಂದರೆ ಬಗ್ಗಿಸಲು ಎಷ್ಟು ಬಲ ಬೇಕು ಎಂಬುದು. ಯುಎಲ್ (ಅಲ್ಟ್ರಾ ಲೈಟ್), ಎಲ್ (ಲೈಟ್), ಎಂಎಲ್ (ಮೀಡಿಯಂ ಲೈಟ್), ಎಂ (ಮೀಡಿಯಂ), ಎಂಎಚ್ (ಮೀಡಿಯಂ ಹೆವಿ), ಎಚ್ (ಹೆವಿ) ಎಂದು ಏರುತ್ತಾ ಹೋಗುತ್ತದೆ. ‘ಫಾಸ್ಟ್’ ಎಂಬುದು ಬೇರೆಯೇ ವಿಷಯ: ರಾಡ್ ಎಲ್ಲಿ ಬಗ್ಗುತ್ತದೆ ಎಂಬುದು. ಫಾಸ್ಟ್ ರಾಡ್ ತುದಿಯ ಮೂರನೇ ಒಂದು ಭಾಗದಲ್ಲಿ ಬಗ್ಗಿ ಕೆಳಗೆ ಬಿಗಿಯಾಗಿ ನಿಲ್ಲುತ್ತದೆ. ಮಾಡರೇಟ್ ರಾಡ್ ಅರ್ಧದವರೆಗೆ ಬಗ್ಗುತ್ತದೆ. ಸ್ಲೋ ರಾಡ್ ಹಿಡಿಕೆಯವರೆಗೂ ಬಿಲ್ಲಿನಂತೆ ಬಾಗುತ್ತದೆ. ಮುರ್ರೆಲ್‌ನ ಬಾಯಿ ಎಲುಬಿನದು, ಕೊಕ್ಕೆ ನಾಟಿಸಲು ಜೋರು ಬೇಕು, ಹಾಗಾಗಿ ಫಾಸ್ಟ್. ಗೆಂಡೆಗೆ, ರೋಹುವಿಗೆ ಮಾಡರೇಟ್ ಒಳ್ಳೆಯದು. ಬಿಗಿ ರಾಡಿನಲ್ಲಿ ಜಗ್ಗಿದರೆ ತುಟಿ ಹರಿದು ಮೀನು ಕಳಚಿಕೊಳ್ಳುತ್ತದೆ.

ಗ್ರಾಂ ಲೆಕ್ಕದಲ್ಲೇ ಹೆಚ್ಚು ಜನ ಎಡವುವುದು. 7–21 ಗ್ರಾಂ ಎಂದರೆ ಅದರ ನಡುವಿನ 10ರಿಂದ 16 ಗ್ರಾಂ ತೂಕ ಚೆನ್ನಾಗಿ ಹಾರುತ್ತದೆ ಎಂದರ್ಥ. ಆ ತೂಕದಲ್ಲಿ ಸೀಸ, ಬೆಂಡು, ಎರೆ ಎಲ್ಲವೂ ಸೇರಿದೆ. ನಿಂಬೆಹಣ್ಣಿನ ಗಾತ್ರದ ರಾಗಿಹಿಟ್ಟಿನ ಉಂಡೆಯನ್ನು ಅಡುಗೆಮನೆಯ ತಕ್ಕಡಿಗೆ ಇಟ್ಟು ನೋಡಿ, 30 ಗ್ರಾಂ ದಾಟಿಬಿಡುತ್ತದೆ. ಜೊತೆಗೆ 20 ಗ್ರಾಂ ಸೀಸ ಕಟ್ಟಿದರೆ 50. ಈ 50 ಗ್ರಾಂ ಅನ್ನು 21 ಗ್ರಾಂ ರಾಡಿನಲ್ಲಿ ಬೀಸಿ ಎಸೆದರೆ ಒಂದೋ ಉಂಡೆ ಕೊಕ್ಕೆ ಬಿಟ್ಟು ಬೇರೆ ದಿಕ್ಕಿಗೆ ಹಾರುತ್ತದೆ, ಇಲ್ಲವೇ ರಾಡ್ ಜೋಡಣೆಯ ಹತ್ತಿರ ‘ಟಕ್’ ಎನ್ನುತ್ತದೆ. ಉಂಡೆ ಗಾಳಕ್ಕೆ ಕನಿಷ್ಠ 30–60 ಗ್ರಾಂ ಬರೆದ ರಾಡ್ ತೆಗೆದುಕೊಳ್ಳಿ, ಇಲ್ಲವೇ ಉಂಡೆಯನ್ನು ಗೋಲಿ ಗಾತ್ರಕ್ಕೆ ಇಳಿಸಿ.

ಉದ್ದದ ವಿಚಾರ ನಿಂತ ಜಾಗದ ಮೇಲೆ ನಿಂತಿದೆ. ಕೆರೆ ಏರಿಯ ಕಲ್ಲುಕಟ್ಟಣೆಯ ಮೇಲಿಂದ ಎಸೆಯುವವರಿಗೆ ಎಂಟು-ಒಂಬತ್ತು ಅಡಿ ಬೇಕೇ ಬೇಕು. ಉದ್ದ ರಾಡ್ ದೂರ ಎಸೆಯುತ್ತದೆ, ಇಳಿಜಾರಿನ ಕಲ್ಲಿಗೆ ದಾರ ಉಜ್ಜದಂತೆ ಎತ್ತಿ ಹಿಡಿಯುತ್ತದೆ. ಹಿಂದೆ ಮುಂದೆ ಮರ, ಪೊದೆ ಇರುವ ಮಲೆನಾಡಿನ ಹಳ್ಳದಲ್ಲಿ ಒಂಬತ್ತು ಅಡಿ ಬೀಸಲು ಜಾಗವೇ ಇರುವುದಿಲ್ಲ, ಅಲ್ಲಿ ಆರೂವರೆ ಹಾಯೆನಿಸುತ್ತದೆ. ತೆಪ್ಪದಲ್ಲಿ ಕೂತು ಹಿಡಿಯುವವರಿಗೆ ಆರೇ ಸಾಕು.

ಸಾಮಗ್ರಿಯಲ್ಲಿ ಮೂರು ಬಗೆ. ಫೈಬರ್ ಗ್ಲಾಸ್ ಭಾರ, ಆದರೆ ಏಟು ತಿಂದರೂ ತಡೆಯುತ್ತದೆ. ಕಾರ್ಬನ್ ಹಗುರ, ಸೂಕ್ಷ್ಮ, ಆದರೆ ಬೈಕಿನ ಸ್ಟ್ಯಾಂಡಿಗೆ ತಾಗಿದ ಸಣ್ಣ ಗೀರೂ ಮುಂದೊಂದು ದಿನ ಅಲ್ಲೇ ಮುರಿಯಲು ಕಾರಣವಾಗುತ್ತದೆ. ಎರಡನ್ನೂ ಬೆರೆಸಿದ್ದು ಮೂರನೆಯದು. ಕಲಿಯುವವರಿಗೆ, ಮನೆಯಲ್ಲಿ ಮಕ್ಕಳೂ ಮುಟ್ಟುವ ರಾಡ್‌ಗೆ ಈ ಬೆರಕೆಯೇ ಉತ್ತಮ. 24 ಟನ್, 30 ಟನ್, 40 ಟನ್ ಎಂದು ಕಾರ್ಬನ್ ಮೇಲೆ ಬರೆದಿರುತ್ತದೆ, ಅದು ಕಾರ್ಬನ್ ಎಳೆಯ ಬಿಗಿತದ ಅಳತೆ. ಅಂಕಿ ಏರಿದಷ್ಟೂ ಬಿಗಿ ಮತ್ತು ಹಗುರ, ಜೊತೆಗೆ ಪೆಟ್ಟು ಬಿದ್ದರೆ ಪೆಡಸು. ಕೆರೆ ಗಾಳಕ್ಕೆ 24 ಟನ್ ದಾಟಿ ಹೋಗುವ ಅಗತ್ಯವಿಲ್ಲ.

ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ. ಕೆರೆ ಅಂಗಳದಲ್ಲಿ, ಗದ್ದೆ ಬದುವಿನಲ್ಲಿ ಪಂಪ್‌ಸೆಟ್ಟಿನ ತಂತಿ ಜೋತುಬಿದ್ದಿರುವುದು ನಮ್ಮಲ್ಲಿ ಸಾಮಾನ್ಯ. ತಂತಿಯ ಕೆಳಗೆ ಎಂದೂ ಎಸೆಯಬೇಡಿ, ಜೋಡಿಸಿದ ರಾಡ್ ಎತ್ತಿ ಹಿಡಿದು ಅದರಡಿ ನಡೆಯಲೂ ಬೇಡಿ. ಗುಡುಗು ಕೇಳಿದೊಡನೆ ರಾಡ್ ನೆಲಕ್ಕಿಟ್ಟು ದೂರ ಸರಿಯಿರಿ. ಒದ್ದೆ ದಾರವೂ ಕರೆಂಟ್ ಒಯ್ಯುತ್ತದೆ.

ಹಲವು ಮಡಿಕೆಯ ಟೆಲಿಸ್ಕೋಪಿಕ್ ರಾಡ್ ಬ್ಯಾಗಿನಲ್ಲಿ ಹಿಡಿಸುತ್ತದೆ ಎಂದು ತುಂಬಾ ಮಾರಾಟವಾಗುತ್ತದೆ. ಅದರಲ್ಲಿ ಪ್ರತಿ ಮಡಿಕೆಗೆ ಒಂದೇ ಉಂಗುರ, ತುದಿ ಭಾರ, ಒಂದು ಕಾಳು ಮರಳು ಸಂದಿಗೆ ಹೋದರೆ ಮಡಚಲಾಗದೆ ಕಚ್ಚಿಕೊಳ್ಳುತ್ತದೆ. ಏಳು ಅಡಿಯ ಎರಡು ತುಂಡಿನ ರಾಡ್ ಬಿಚ್ಚಿದರೆ ಮೂರೂವರೆ ಅಡಿ. ಎರಡು ಇಂಚಿನ ಪಿವಿಸಿ ಪೈಪಿಗೆ ಎರಡೂ ಕಡೆ ಮುಚ್ಚಳ ಹಾಕಿ ಒಳಗಿಟ್ಟರೆ ಬಸ್ಸಿನಲ್ಲೂ ಬರುತ್ತದೆ. ದೊಡ್ಡ ಉಂಗುರ ಒಳಗೆ ಹೋಗದಿದ್ದರೆ ಮೂರು ಇಂಚಿನ ಪೈಪ್ ಕೊಯ್ಸಿಕೊಳ್ಳಿ.

ರೀಲ್

1000, 2500, 4000 ಎಂಬ ಅಂಕಿಗಳು ಕಿಲೋ, ಮೀಟರ್ ಯಾವುದೂ ಅಲ್ಲ, ಬರೀ ಗಾತ್ರದ ಗುರುತು. ಒಂದು ಕಂಪನಿಯ 3000 ಇನ್ನೊಂದರ 2500ಕ್ಕೆ ಸಮ ಇರಬಹುದು. ಶಿಮಾನೋ ರೀಲುಗಳಲ್ಲಿ ಸಿ3000 ಎಂದಿದ್ದರೆ 2500ರ ದೇಹಕ್ಕೆ 3000ರ ಸ್ಪೂಲ್ (ದಾರ ಸುತ್ತಿಕೊಳ್ಳುವ ಭಾಗ) ಎಂದು ತಿಳಿಯಿರಿ. ನೋಡಬೇಕಾದದ್ದು ಸ್ಪೂಲಿನ ಅಂಚಿನಲ್ಲಿ ಕೊರೆದ ದಾರದ ಲೆಕ್ಕ, ಉದಾಹರಣೆಗೆ 0.30/150. ಅಂದರೆ 0.30 ಮಿ.ಮೀ. ದಾರ 150 ಮೀಟರ್ ಹಿಡಿಸುತ್ತದೆ. ಬೇರೆ ದಪ್ಪಕ್ಕೆ ಲೆಕ್ಕ ಹಾಕುವುದು ಸುಲಭ: 0.30ನ್ನು ನಿಮ್ಮ ದಾರದ ದಪ್ಪದಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಆಮೇಲೆ 150ರಿಂದ ಗುಣಿಸಿ. 0.25 ದಾರವಾದರೆ 216 ಮೀಟರ್, ಪಿಇ 2 ಬ್ರೇಡ್ ಆದರೆ ಸುಮಾರು 244 ಮೀಟರ್.

ಹಿಡಿ ಒಂದು ಸುತ್ತು ತಿರುಗಿದರೆ ರೋಟರ್, ಅಂದರೆ ಸ್ಪೂಲಿನ ಸುತ್ತ ತಿರುಗಿ ದಾರ ಸುತ್ತುವ ಭಾಗ, ಎಷ್ಟು ಸುತ್ತು ತಿರುಗುತ್ತದೆ ಎಂಬುದು ಗೇರ್ ಅನುಪಾತ. 2500 ರೀಲಿನಲ್ಲಿ 5.0:1 ಇದ್ದರೆ ಒಂದು ಸುತ್ತಿಗೆ ಸುಮಾರು 73 ಸೆಂ.ಮೀ. ದಾರ ಬರುತ್ತದೆ, 6.2:1 ಇದ್ದರೆ 90ರ ಹತ್ತಿರ. ಹಿಟ್ಟಿನ ಗಾಳಕ್ಕೆ ಕಡಿಮೆ ಅನುಪಾತವೇ ಸರಿ, ಭಾರ ಎಳೆಯುವಾಗ ಕೈ ಸೋಲುವುದಿಲ್ಲ. ಕಪ್ಪೆ ಎಳೆಯುವವರಿಗೆ ವೇಗದ್ದು ಬೇಕು, ಮೀನು ನುಂಗಿದ ಕ್ಷಣ ಸಡಿಲ ದಾರವನ್ನು ಒಂದೆರಡು ಸುತ್ತಿನಲ್ಲಿ ಎಳೆದುಕೊಳ್ಳಬೇಕಲ್ಲ.

ಬೇರಿಂಗ್ ಎಣಿಕೆಗೆ ಮರುಳಾಗಬೇಡಿ. ಸರಿಯಾದ ಜಾಗದಲ್ಲಿ ಕೂತ ನಾಲ್ಕೈದು ಒಳ್ಳೆ ಬೇರಿಂಗ್ ಸಾಕು. ಹಿಡಿಯ ಗುಬ್ಬಿಯಲ್ಲಿ, ಬೇಡದ ಮೂಲೆಯಲ್ಲಿ ತುರುಕಿದ ಕಳಪೆ ಬೇರಿಂಗ್ ಹದಿಮೂರಿದ್ದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗರಗರ ಎನ್ನುತ್ತವೆ. ಅದರ ಬದಲು ದಾರ ತಿರುಗುವ ಲೈನ್ ರೋಲರ್ ನೋಡಿ, ಬೇಲ್ ತಂತಿಯ, ಅಂದರೆ ದಾರವನ್ನು ಸ್ಪೂಲಿಗೆ ಹಾಯಿಸುವ ಕಮಾನು ತಂತಿಯ, ಒಂದು ತುದಿಯಲ್ಲಿರುವ ಸಣ್ಣ ಉರುಳೆ ಅದು. ಮೆತ್ತನೆ ನೂಲನ್ನು ಅದರ ಮೇಲೆ ಹಾಯಿಸಿ ಎಳೆದರೆ ಉರುಳೆ ಸುತ್ತಬೇಕು. ಸುತ್ತದಿದ್ದರೆ ಬ್ರೇಡ್ ಅದರ ಮೇಲೆ ಗೀರು ಕೊರೆಯುತ್ತದೆ, ಆಮೇಲೆ ಆ ಗೀರೇ ಬ್ರೇಡನ್ನು ತಿನ್ನುತ್ತದೆ.

ಡ್ರ್ಯಾಗಿನ ಗರಿಷ್ಠ ಕಿಲೋ ಎಷ್ಟೆಂಬುದು ಕೆರೆ ಮೀನಿಗೆ ದೊಡ್ಡ ಮಾತಲ್ಲ, 5 ಕಿಲೋ ಇದ್ದರೆ ಧಾರಾಳ. ದಾರ ಬಿಡಲು ಶುರುಮಾಡುವ ಆ ಮೊದಲ ಗಳಿಗೆ ಮುಖ್ಯ. ಕಳಪೆ ಡ್ರ್ಯಾಗ್ ಮೊದಲು ಕಚ್ಚಿ ನಿಂತು, ಆಮೇಲೆ ಧಡಕ್ಕನೆ ಬಿಡುತ್ತದೆ. ಮೀನು ಗಕ್ಕನೆ ಓಡಿದಾಗ ದಾರ ಕಡಿಯುವುದು ಆ ಕಚ್ಚಿದ ಗಳಿಗೆಯಲ್ಲೇ. ತಿರುಪು ಸ್ಪೂಲಿನ ಮುಂದೆ ಇರುವ ರೀಲನ್ನೇ ಆರಿಸಿ. ಹಿಂಬದಿ ಡ್ರ್ಯಾಗಿಗೆ ಒಳಗಿನ ಬಿಲ್ಲೆಗಳು ಸಣ್ಣವು, ಬೇಗ ಸವೆಯುತ್ತವೆ. ಹಿಟ್ಟು ಕಟ್ಟಿ ರಾಡನ್ನು ಕವೆಗೋಲಿಗೆ ಒರಗಿಸಿ ಕಾಯುವವರು ಬೈಟ್‌ರನ್ನರ್ ಇರುವ ರೀಲ್ ಕೊಂಡರೆ ದುಡ್ಡು ದಂಡವಲ್ಲ. ಹಿಂದಿನ ಸನ್ನೆ ಹಾಕಿದರೆ ಸ್ಪೂಲ್ ಸಡಿಲವಾಗಿ ತಿರುಗುತ್ತದೆ, ಹಿಡಿ ಒಂದು ಸುತ್ತು ಹಾಕಿದರೆ ಮುಂದಿನ ಡ್ರ್ಯಾಗಿಗೆ ಮರಳುತ್ತದೆ. ಇದಿಲ್ಲದವರು ಕಾಯುವಾಗ ಡ್ರ್ಯಾಗ್ ತಿರುಪು ಪೂರ್ತಿ ಸಡಿಲ ಮಾಡಿಡಬೇಕು. ನಾಲ್ಕು ಕಿಲೋ ಕಾಟ್ಲಾ ಬಿಗಿ ಡ್ರ್ಯಾಗಿನ ರಾಡನ್ನು ಕವೆಗೋಲಿನ ಸಮೇತ ನೀರಿಗೆ ಎಳೆದುಕೊಂಡು ಹೋಗುತ್ತದೆ.

ಸ್ಪಿನ್ನಿಂಗ್ ರೀಲಿನ ಹಿಡಿ ಎಡ-ಬಲ ಎರಡೂ ಕಡೆ ಹಾಕಬಹುದು. ಬಲಗೈಯವರು ಬಲಗೈಯಲ್ಲೇ ಎಸೆದು, ಅದೇ ಕೈಯಲ್ಲಿ ರಾಡ್ ಹಿಡಿದು, ಎಡಗೈಯಲ್ಲಿ ಸುತ್ತುವುದು ರೂಢಿ. ಸಿಹಿನೀರಿಗೆ ಲೋಹದ ದೇಹವೇ ಬೇಕೆಂದಿಲ್ಲ, ಕಾರ್ಬನ್ ಬೆರೆಸಿದ ಪ್ಲಾಸ್ಟಿಕ್ ದೇಹ ಸಾಕು. ಸ್ಪೂಲ್ ಮಾತ್ರ ಅಲ್ಯೂಮಿನಿಯಂ ಇರಲಿ.

ಅಂಗಡಿಯಲ್ಲಿ ಹತ್ತು ನಿಮಿಷ

ರಾಡಿನ ತುಂಡುಗಳನ್ನು ಜೋಡಿಸಿ ನೋಡಿ. ಜೋಡಣೆ ಬಿಗಿಯಾಗಿ ಕೂತು, ಅಲುಗಿಸಿದರೆ ‘ಕಟ್ ಕಟ್’ ಸದ್ದು ಬರಬಾರದು. ಬುಡದಿಂದ ಕಣ್ಣಿಟ್ಟು ನೋಡಿದರೆ ಉಂಗುರಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ಏಳು ಅಡಿ ರಾಡ್‌ಗೆ ತುದಿಯದು ಬಿಟ್ಟು ಏಳು ಉಂಗುರವಾದರೂ ಇರಲಿ. ಕಡಿಮೆ ಇದ್ದರೆ ಬಾಗಿದಾಗ ದಾರ ನೇರವಾಗಿ ಹಾಯ್ದು ರಾಡಿಗೆ ತಾಗುತ್ತದೆ, ಭಾರ ಒಂದೇ ಕಡೆ ಬೀಳುತ್ತದೆ. ಸ್ಪಿನ್ನಿಂಗ್ ರೀಲಿನಿಂದ ದಾರ ಸುರುಳಿಯಾಗಿ ಹೊರಡುತ್ತದೆ, ಆ ಸುರುಳಿಯನ್ನು ಹಿಡಿದು ಕಿರಿದಾಗಿಸುವುದು ಮೊದಲ ಉಂಗುರದ ಕೆಲಸ. 2500–3000 ರೀಲಿಗೆ ಅದು 25 ಮಿ.ಮೀ. ಆಸುಪಾಸು ಇರಬೇಕು.

ಆಮೇಲೆ ಒಂದು ಚೂರು ಹತ್ತಿ ತೆಗೆದು ಪ್ರತಿ ಉಂಗುರದ ಒಳಗೆ ಸುತ್ತಲೂ ಒರೆಸಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಒಳಗಿನ ಸೆರಾಮಿಕ್ ಬಿರುಕು ಬಿಟ್ಟಿದೆ ಎಂದರ್ಥ. ಕಣ್ಣಿಗೆ ಕಾಣದ ಆ ಬಿರುಕು ಹೊಸ ಬ್ರೇಡನ್ನು ಒಂದೇ ಬೆಳಗಿನಲ್ಲಿ ಕೂದಲೆಬ್ಬಿಸುತ್ತದೆ. ತುದಿಯ ಉಂಗುರವನ್ನು ಎರಡು ಸಲ ನೋಡಿ, ಅದಕ್ಕೇ ಪೆಟ್ಟು ಹೆಚ್ಚು.

ತುದಿಯನ್ನು ಬರಿಗೈಯಲ್ಲಿ ಬಗ್ಗಿಸಿ ನೋಡಬೇಡಿ, ಅಂಗಡಿಯವರೇ ಬಗ್ಗಿಸಿ ತೋರಿಸಿದರೆ ಬೇಡ ಎನ್ನಿ. ತುದಿಯೊಂದನ್ನೇ ಬೆರಳಿನಲ್ಲಿ ಹಿಡಿದು ಬಗ್ಗಿಸಿದರೆ ಬಲವೆಲ್ಲ ಅಲ್ಲೇ ಬೀಳುತ್ತದೆ. ದಾರ ಹಾಯಿಸಿ, ದಾರವನ್ನು ಮೆಲ್ಲಗೆ ಎಳೆಯಿರಿ. ರಾಡ್ ಎಲ್ಲಿ ಬಗ್ಗುತ್ತದೆ, ಬಿಟ್ಟಾಗ ತುದಿ ಎಷ್ಟು ಬೇಗ ನಡುಕ ನಿಲ್ಲಿಸುತ್ತದೆ ಎಂಬುದು ಆಗ ಕಾಣುತ್ತದೆ.

ರೀಲ್ ಕೂರಿಸಿ. ಬಿಗಿದ ಮೇಲೆ ರೀಲಿನ ಕಾಲು ಅಲುಗಬಾರದು. ಕಾಲಿನ ಮುಂದುಗಡೆ ತೋರುಬೆರಳಿಟ್ಟು ಇಡೀ ಸೆಟ್ಟನ್ನು ತೂಗಿಸಿ. ಮಟ್ಟಸವಾಗಿ ನಿಂತರೆ, ಇಲ್ಲವೇ ಒಂದೆರಡು ಇಂಚು ಆಚೀಚೆ ನಿಂತರೆ ಸಮತೋಲ ಸರಿ. ತುದಿ ಜೋತುಬಿದ್ದರೆ ರೀಲ್ ಹಗುರ. ಇದನ್ನು ಹಿಡಿದು ದಿನವಿಡೀ ಎಸೆದರೆ ಸಂಜೆಗೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಹಿಡಿಯನ್ನು ಹಿಂದಕ್ಕೆ ತಿರುಗಿಸಲು ನೋಡಿ, ಕೂಡಲೇ ನಿಲ್ಲಬೇಕು. ಹಿಂದಕ್ಕೆ ಆಟ ಇದ್ದರೆ ಕೊಕ್ಕೆ ಜಗ್ಗಿದಾಗ ಆ ಆಟದಲ್ಲೇ ಅರ್ಧ ಬಲ ಸೋರುತ್ತದೆ. ಬೇಲ್ ತಂತಿಯನ್ನು ಕೈಯಿಂದ ತೆರೆದು ಮುಚ್ಚಿ, ಹತ್ತು ಸಲವೂ ಗಟ್ಟಿ ‘ಟಪ್’ ಎನ್ನಬೇಕು. ಕೊನೆಗೆ ಡ್ರ್ಯಾಗನ್ನು ಅರ್ಧ ಬಿಗಿದು ದಾರವನ್ನು ನಿಧಾನವಾಗಿ ಎಳೆಯಿರಿ. ತಡವರಿಸದೆ, ಒಂದೇ ಸಮ ಬರಬೇಕು.

ದುಡ್ಡು ಹಂಚುವ ಬಗೆ: 6,000 ರೂಪಾಯಿ ಇದ್ದರೆ ರೀಲಿಗೆ 2,500, ರಾಡ್‌ಗೆ 2,000, ದಾರಕ್ಕೆ 1,000, ಉಳಿದದ್ದು ಕೊಕ್ಕೆ, ಸೀಸ, ಸ್ವಿವೆಲ್‌ಗೆ (ದಾರ ಹುರಿಗೊಳ್ಳದಂತೆ ತಿರುಗುವ ಸಣ್ಣ ಕೊಂಡಿ). ದಾರದಲ್ಲಿ ಉಳಿಸಲು ಹೋಗುವುದು ದೊಡ್ಡ ತಪ್ಪು. ಮೀನಿಗೂ ನಿಮಗೂ ನಡುವೆ ಇರುವುದು ಅದೊಂದೇ. ರಾಡ್, ರೀಲ್ ಎರಡೂ ಸೇರಿ ಸಿಗುವ ಅಗ್ಗದ ಕಾಂಬೋ ಕೊಂಡರೆ ಅದರಲ್ಲಿ ಮೊದಲೇ ಸುತ್ತಿ ಬಂದ ದಾರವನ್ನು ಬಿಚ್ಚಿ ಎಸೆದು ಹೊಸದು ಹಾಕಿ.

ದಾರ ತುಂಬುವುದು

ನುಣುಪಾದ ಸ್ಪೂಲಿಗೆ ಬ್ರೇಡನ್ನು ನೇರ ಕಟ್ಟಿದರೆ ಇಡೀ ಸುತ್ತು ಜಾರಿ ತಿರುಗುತ್ತದೆ. ಮೀನು ಎಳೆದಾಗ ಡ್ರ್ಯಾಗ್ ಕೆಟ್ಟಿದೆ ಎಂದು ಅನಿಸುವುದು ಬಹಳ ಸಲ ಇದರಿಂದಲೇ. ಬ್ರೇಡಿನ ತಳಕ್ಕೆ ನೈಲಾನ್ ಹಾಕಬೇಕು. ಮೇಲಿನ ಲೆಕ್ಕದ ಸ್ಪೂಲಿಗೆ 150 ಮೀಟರ್ ಪಿಇ 2 ಹಾಕುವುದಾದರೆ, ಮೊದಲು 0.30 ನೈಲಾನ್ 55ರಿಂದ 60 ಮೀಟರ್ ಸುತ್ತಿ, ಅದಕ್ಕೆ ಬ್ರೇಡನ್ನು ಜೋಡಿ ಯೂನಿ ಗಂಟಿನಿಂದ ಸೇರಿಸಿ. ಸ್ಪೂಲ್ ಸರಿಯಾಗಿ ತುಂಬುತ್ತದೆ.

ಬೇಲ್ ತೆರೆದೇ ದಾರದ ತುದಿಯನ್ನು ಸ್ಪೂಲಿಗೆ ಕಟ್ಟಿ, ಆಮೇಲೆ ಬೇಲ್ ಮುಚ್ಚಿ. ಮುಚ್ಚಿಟ್ಟು ಕಟ್ಟಿದರೆ ಹಿಡಿ ತಿರುಗುತ್ತದೆ, ದಾರ ಬರುವುದಿಲ್ಲ. ಅಂಗಡಿಯ ದಾರದ ಉಂಡೆಯನ್ನು ಚೀಟಿ ಮೇಲೆ ಮಾಡಿ ನೆಲಕ್ಕಿಡಿ. ಒದ್ದೆ ಬಟ್ಟೆಯನ್ನು ಮೊದಲ ಉಂಗುರದ ಕೆಳಗೆ ಎರಡು ಬೆರಳಿನಲ್ಲಿ ಒತ್ತಿ ಹಿಡಿದು, ದಾರ ಅದರೊಳಗಿಂದ ಬಿಗಿಯಾಗಿ ಬರುವಂತೆ ಸುತ್ತಿ. 15 ಸುತ್ತು ಆದಮೇಲೆ ನಿಲ್ಲಿಸಿ, ದಾರವನ್ನು ಸಡಿಲ ಬಿಟ್ಟು ನೋಡಿ. ಜಡೆಯಂತೆ ಹುರಿಗೊಂಡರೆ ಉಂಡೆಯನ್ನು ಮಗುಚಿ ಇಡಿ. ಸ್ಪೂಲಿನ ತುಟಿಗಿಂತ ಒಂದೂವರೆಯಿಂದ ಎರಡು ಮಿ.ಮೀ. ಕೆಳಗೆ ನಿಲ್ಲಿಸಿ. ತುಟಿಯವರೆಗೆ ತುಂಬಿದರೆ ಮೊದಲ ಎಸೆತಕ್ಕೇ ಗೋಜಲು, ಐದಾರು ಮಿ.ಮೀ. ಬಿಟ್ಟರೆ ದೂರ ಹೋಗುವುದಿಲ್ಲ.

ಡ್ರ್ಯಾಗ್ ಕಟ್ಟುವುದು

ದಾರದ ಬಲದ ಕಾಲುಭಾಗದಿಂದ ಮೂರನೇ ಒಂದು ಭಾಗ. 20 ಪೌಂಡ್ ಅಂದರೆ ಸುಮಾರು 9 ಕಿಲೋ, ಹಾಗಾಗಿ ಡ್ರ್ಯಾಗ್ ಎರಡೂಕಾಲರಿಂದ 3 ಕಿಲೋ. ಲೀಡರ್ ಬ್ರೇಡಿಗಿಂತ ಕಡಿಮೆ ಬಲದ್ದಾದರೆ ಲೀಡರಿನ ಲೆಕ್ಕವನ್ನೇ ಹಿಡಿಯಿರಿ. ಲಗೇಜ್ ತೂಗುವ ಕೈತಕ್ಕಡಿಗೆ ದಾರದ ತುದಿ ಕಟ್ಟಿ, ಇನ್ನೊಬ್ಬರ ಕೈಗೆ ಕೊಟ್ಟು, ನೀವು ರಾಡನ್ನು ನೆಲಕ್ಕೆ 45 ಡಿಗ್ರಿ ಎತ್ತಿ ಹಿಡಿಯಿರಿ. ಅವರು ಹಿಂದಕ್ಕೆ ಹೆಜ್ಜೆಯಿಟ್ಟಂತೆ ದಾರ ಬಿಡುವ ಗಳಿಗೆಯಲ್ಲಿ ತಕ್ಕಡಿ ಎಷ್ಟು ತೋರಿಸಿತೋ ಅದೇ ನಿಮ್ಮ ಡ್ರ್ಯಾಗ್. ಹೀಗೆ ನಾಲ್ಕೈದು ಸಲ ಮಾಡಿದರೆ ಮುಂದೆ ಕೈಯೇ ಅಂದಾಜು ಹೇಳುತ್ತದೆ.

ಕೆಡುವುದು ಎಲ್ಲಿ

ಮೀನು ದಾರ ಎಳೆದುಕೊಂಡು ಓಡುತ್ತಿರುವಾಗ ಗಾಬರಿಯಿಂದ ಹಿಡಿ ಸುತ್ತಬೇಡಿ. ದಾರ ಒಳಗೆ ಬರುವುದಿಲ್ಲ, ಆದರೆ ಹಿಡಿಯ ಪ್ರತಿ ಸುತ್ತಿಗೆ ರೋಟರ್ ಐದು ಸುತ್ತು ತಿರುಗಿ ದಾರಕ್ಕೆ ಐದು ಹುರಿ ಹಾಕುತ್ತದೆ. 20 ಸುತ್ತಿಗೆ 100 ಹುರಿ. ಮುಂದಿನ ಎಸೆತದಲ್ಲಿ ಗೋಜಲಾಗಿ ಬರುವುದು ಇದೇ. ಮೀನು ಓಡಲಿ, ನಿಂತಾಗ ರಾಡ್ ಎತ್ತಿ, ಇಳಿಸುವಾಗ ಸುತ್ತಿ. ಹುರಿ ಆಗಲೇ ಹತ್ತಿದ್ದರೆ, ತುದಿಯ ಸಾಮಾನೆಲ್ಲ ಬಿಚ್ಚಿ, ಬರಿ ದಾರ 50 ಮೀಟರ್ ಹರಿವ ನೀರಿಗೆ ಬಿಟ್ಟು ಎರಡು ನಿಮಿಷ ತಡೆದು ಸುತ್ತಿಕೊಳ್ಳಿ. ಹೊಳೆ ಇಲ್ಲದ ಕಡೆ ಹುಲ್ಲಿನ ಬಯಲಿನಲ್ಲಿ ಎಳೆದು ನಡೆದರೂ ಬಿಚ್ಚಿಕೊಳ್ಳುತ್ತದೆ.

ಎಸೆದ ಮೇಲೆ ಬೇಲನ್ನು ಕೈಯಿಂದಲೇ ಮುಚ್ಚಿ, ದಾರವನ್ನು ಒಂದು ಸಲ ಎಳೆದು ಬಿಗಿ ಮಾಡಿ ಸುತ್ತಲು ಶುರುಮಾಡಿ. ಹಿಡಿ ತಿರುಗಿಸಿ ಬೇಲ್ ಮುಚ್ಚಿದರೆ ಒಂದು ಸಡಿಲ ಕುಣಿಕೆ ಸ್ಪೂಲಿನೊಳಗೆ ಸೇರಿ, ಮುಂದಿನ ಎಸೆತದಲ್ಲಿ ಹತ್ತು ಸುತ್ತನ್ನು ಒಟ್ಟಿಗೆ ಎಳೆದು ತರುತ್ತದೆ. ತಿರುಗುವ ಸ್ಪಿನ್ನರ್ ಕಟ್ಟುವಾಗ ಸ್ವಿವೆಲ್ ಇರಲೇಬೇಕು.

ಕೊಕ್ಕೆ ಕಲ್ಲಿಗೋ ಬೇರಿಗೋ ಸಿಕ್ಕಿದರೆ ರಾಡ್ ಬಗ್ಗಿಸಿ ಜಗ್ಗಬೇಡಿ. ರಾಡಿನ ತುದಿಯನ್ನು ನೇರ ಸಿಕ್ಕಿದ ಕಡೆಗೆ ತೋರಿಸಿ, ಸ್ಪೂಲನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಮುಖ ಆಚೆ ತಿರುಗಿಸಿ ಹಿಂದಕ್ಕೆ ನಡೆಯಿರಿ. ಸೀಸ ಬಿಟ್ಟುಕೊಂಡರೆ ಗುಂಡಿನಂತೆ ಬರುತ್ತದೆ. ಬ್ರೇಡನ್ನು ಕೈಗೆ ಸುತ್ತಿ ಎಳೆಯಲೇಬೇಡಿ, ಬೆರಳು ಕೊಯ್ಯುತ್ತದೆ. ಒಂದು ಗೇಣು ಕೋಲಿಗೆ ಸುತ್ತಿ ಎಳೆಯಿರಿ.

ರಾಡ್ ಅತಿ ಹೆಚ್ಚು ಮುರಿಯುವುದು ಮೀನು ಕಾಲ ಬುಡಕ್ಕೆ ಬಂದಾಗ. ಸಂತೋಷದಲ್ಲಿ ರಾಡನ್ನು ತಲೆಯ ಹಿಂದಕ್ಕೆ ಎತ್ತುತ್ತಾರೆ, ದಾರ ಮೂರಡಿಯಷ್ಟೇ ಹೊರಗಿರುತ್ತದೆ, ತುದಿ ಕೊಂಡಿಯಂತೆ ಬಗ್ಗಿ ಮುರಿಯುತ್ತದೆ. ರಾಡಿನ ಉದ್ದದಷ್ಟು ದಾರ ಹೊರಗೇ ಇರಲಿ, ರಾಡ್ ನಿಮ್ಮ ಮುಂದೆಯೇ ಇರಲಿ, ಬಲೆಯನ್ನು ನೀರಿನೊಳಗಿಟ್ಟು ಮೀನನ್ನು ಅದರ ಮೇಲಕ್ಕೆ ತನ್ನಿ. ಇನ್ನೊಂದು ಕೈಯಿಂದ ಹಿಡಿಕೆಯ ಮೇಲಿನ ಬರೀ ಕೋಲನ್ನು ಹಿಡಿದು ಎತ್ತಿದರೂ ಅಲ್ಲಿಂದಲೇ ಮುರಿಯುತ್ತದೆ.

ಮನೆಗೆ ಬಂದಮೇಲೆ

ರೀಲನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ, ಬಕೆಟ್ಟಿನಲ್ಲಿ ಮುಳುಗಿಸಬೇಡಿ. ಒದ್ದೆ ಬಟ್ಟೆಯಿಂದ ಕೆಸರು ಒರೆಸಿ, ನೆರಳಿನಲ್ಲಿ ಆರಿಸಿ. ಲೈನ್ ರೋಲರ್‌ಗೆ, ಹಿಡಿಯ ಗುಬ್ಬಿಗೆ, ಬೇಲಿನ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದೇ ಹನಿ. ಗೇರಿಗೆ ಎಣ್ಣೆ ಅಲ್ಲ, ವರ್ಷಕ್ಕೊಮ್ಮೆ ರೀಲ್ ಗ್ರೀಸ್. ತೆಂಗಿನೆಣ್ಣೆ ಹಾಕಿದರೆ ಚಳಿಗೆ ಗಟ್ಟಿಯಾಗಿ, ದೂಳು ಸೇರಿ ಅಂಟಾಗುತ್ತದೆ. ಡ್ರ್ಯಾಗ್ ಬಿಲ್ಲೆಗಳಿಗೆ ಎಣ್ಣೆ ತಾಗಬಾರದು. ರಾಡಿನ ಎರಡು ತುಂಡು ಬಿಚ್ಚಿ, ಜೋಡಣೆಯ ಗಂಡುಭಾಗಕ್ಕೆ ಮೇಣದಬತ್ತಿ ಒಂದೆರಡು ಸಲ ಉಜ್ಜಿದರೆ ಮುಂದಿನ ಸಲ ಕಚ್ಚಿಕೊಳ್ಳುವುದಿಲ್ಲ. ಡ್ರ್ಯಾಗ್ ತಿರುಪನ್ನು ಪೂರ್ತಿ ಸಡಿಲ ಮಾಡಿಯೇ ಎತ್ತಿಡಿ. ಬಿಗಿದೇ ಇಟ್ಟರೆ ಒಳಗಿನ ಬಿಲ್ಲೆಗಳು ಒಂದಕ್ಕೊಂದು ಒತ್ತಿ ಚಪ್ಪಟೆಯಾಗಿ, ಮುಂದಿನ ಮೀನಿಗೆ ಆ ಮೊದಲ ಗಳಿಗೆಯಲ್ಲೇ ಕಚ್ಚಿ ನಿಲ್ಲುತ್ತವೆ.